ಗೂಡಿಲ್ಲದ ಕಡೆ

ಆ ಕಡ್ಡಿಯಲ್ಲ, ಅದರ ಪಕ್ಕದ್ದು, ತುದಿ ಮುರಿದು ಎಡಕ್ಕೆ ಬಾಗಿದ್ದು, ಅದರ ಬುಡದಿಂದ ಒಂದು ಗೇಣು ಈಚೆ, ಅಲ್ಲಿಂದಲೇ ಎದ್ದದ್ದು ಹೆಣ್ಣುಹಕ್ಕಿ, ಈಗ ತಾನೇ, ಹುಲ್ಲಿನೊಳಗಿಂದ ಕಂದುಬಣ್ಣದ ಒಂದು ಚೂರು ಚಿಮ್ಮಿ ಬೇಲಿಯ ಕಡೆಗೆ ಹೋಯಿತು, ಹೋಗಲಿ, ಅದರ ಹಿಂದೆ ಕಣ್ಣು ಹೋಗಬಾರದು, ಹಕ್ಕಿಯ ಹಿಂದೆ ಹೋದ ಕಣ್ಣು ಗೂಡನ್ನು ಕಳೆದುಕೊಳ್ಳುತ್ತದೆ, ಹಕ್ಕಿ ಉಳಿಸುವ ಈ ಕೆಲಸಕ್ಕೆ ಹೊಸದಾಗಿ ಸೇರಿದವರಿಗೆಲ್ಲ ಇದನ್ನು ಅವಳೇ ಹೇಳಿಕೊಟ್ಟಿದ್ದಾಳೆ. ಹುಲ್ಲುಗುಬ್ಬಿ ಇಳಿದ ಕಡೆ ಗೂಡಿರುವುದಿಲ್ಲ, ಕೊಕ್ಕಿನಲ್ಲಿ ಮಿಡತೆ ಹಿಡಿದುಕೊಂಡು ಬಂದು ದೂರದಲ್ಲೆಲ್ಲೋ ಇಳಿದು ಹುಲ್ಲಿನ ಬುಡದಲ್ಲಿ ಇಲಿಯ ಹಾಗೆ ಓಡಿಕೊಂಡು ಹೋಗುತ್ತದೆ, ಮಹಾ ಕಳ್ಳಿ, ಆದರೆ ಮರಿಗಳಿಗೆ ಉಣಿಸಿಯಾದ ಮೇಲೆ ಅವಸರ, ಕಳ್ಳತನವೆಲ್ಲ ಮರೆತು ಇದ್ದಲ್ಲಿಂದಲೇ ನೇರ ಏಳುತ್ತದೆ, ಆದ್ದರಿಂದ ಎದ್ದ ಜಾಗವನ್ನು ಹಿಡಿಯಬೇಕು, ಹಿಡಿದರೆ ಬಿಡಬಾರದು. ಬೆಳಗಿನಿಂದ ಬೇಲಿಯ ಮೂಲೆಯಲ್ಲಿ ಮಡಚುವ ಸ್ಟೂಲಿನ ಮೇಲೆ ಕೂತು ಸೊಂಟ ಹಿಡಿದುಕೊಂಡಿದೆ, ಒಂದು ಕಾಲಿಗೆ ಜೋಮು ಹತ್ತಿ ಅದು ತನ್ನದೇ ಅಲ್ಲ ಅನ್ನಿಸುತ್ತಿದೆ, ಅದರ ಮೇಲೇ ಊರಿ ಏಳಬೇಕು, ಕಣ್ಣು ಕೀಳದೆ ಏಳಬೇಕು, ಅಬ್ಬಾ, ಎದ್ದಳು. ಕಣ್ಣು ಮಿಟುಕಿಸಬಹುದು, ಹೊರಳಿಸುವ ಹಾಗಿಲ್ಲ. ಗಾಳಿ ಬಂದರೆ ಎಲ್ಲ ಕಡ್ಡಿಗಳೂ ಎಡಕ್ಕೆ ಬಾಗುತ್ತವೆ, ಅಷ್ಟರೊಳಗೆ ಅಲ್ಲಿಗೆ ತಲುಪಬೇಕು.

ಅತ್ತ ಗೇಟಿನ ಹತ್ತಿರ ಟ್ರ್ಯಾಕ್ಟರ್ ನಿಂತಲ್ಲೇ ಗುಡುಗುಡು ಅನ್ನುತ್ತಿದೆ, ನೋಡದೆಯೂ ಗೊತ್ತು, ಡ್ರೈವರ್ ಸ್ಟಿಯರಿಂಗಿನ ಮೇಲೆ ಬೆರಳಿನಿಂದ ತಾಳ ಹಾಕುತ್ತಿರುತ್ತಾನೆ, ಗಡಿಬಿಡಿ ಎಂದೇ ಎಲ್ಲರೂ ಅವನನ್ನು ಕರೆಯುವುದು, ಅವನೂ ಅದಕ್ಕೇ ಓಗೊಡುತ್ತಾನೆ, ಚಹಾ ಆರುವ ತನಕ ಕಾಯಲಾರದೆ ನಾಲಿಗೆ ಸುಟ್ಟುಕೊಳ್ಳುವ ಮನುಷ್ಯ, ಅಂಥವನು ಇವತ್ತು ಅವಳಿಗಾಗಿ ಇಷ್ಟು ಹೊತ್ತು ಕಾದದ್ದೇ ದೊಡ್ಡದು. ಅರ್ಧ ಬಯಲು ಆಗಲೇ ಕೊಯ್ದಾಗಿದೆ, ಉಳಿದರ್ಧ ಇವತ್ತೇ ಆಗಬೇಕು, ಕೊಯ್ದದ್ದು ಒಣಗಿ ಕಟ್ಟು ಕಟ್ಟುವಷ್ಟರಲ್ಲಿ ಮಳೆ ಬರುತ್ತದೆ ಅಂತ ರೇಡಿಯೋದಲ್ಲಿ ಹೇಳಿದ್ದಾರೆ, ನೆನೆದು ಮುಗ್ಗಿದ ಹುಲ್ಲನ್ನು ಹಸು ಮೂಸಿಯೂ ನೋಡುವುದಿಲ್ಲ, ಚಳಿಗಾಲವಿಡೀ ಆ ಹಸುಗಳಿಗೆ ಇದೇ ಮೇವು, ಇದೆಲ್ಲ ಅವಳಿಗೂ ಗೊತ್ತು, ಯಾರದೂ ತಪ್ಪಿಲ್ಲ, ತಪ್ಪಿದ್ದರೆ ನೆಲದ ಮೇಲೆ ಗೂಡು ಕಟ್ಟುವ ಆ ಪೆದ್ದು ಹಕ್ಕಿಯದೇ. ಮೊದಲು ಈ ಬಯಲಿನಲ್ಲಿ ಬೆಳಗಾದರೆ ಗಂಡುಗಳು ಒಂದರ ಮೇಲೊಂದು ಹಾಡುತ್ತಿದ್ದವು, ಹಾಡು ಅಂದರೆ ಅಂಥ ಹಾಡೇನಲ್ಲ, ಚೀಲದ ಜಿಪ್ ಎಳೆದ ಹಾಗೆ ಒಂದು ಸದ್ದು, ಇದನ್ನೇ ಕೇಳಲೆಂದು ದೂರದಿಂದ ಬಂದ ಫೋಟೋದವರು ಇಷ್ಟೇನಾ ಅಂದಿದ್ದರು, ಇಷ್ಟೇ ಸ್ವಾಮೀ, ಇದಕ್ಕಾಗಿಯೇ ನಮ್ಮ ಒದ್ದಾಟ ಅಂದಿದ್ದಳು. ಈ ಸಲ ಒಂದೇ ಗಂಡು. ವಸಂತವಿಡೀ ಬೇಲಿಕಂಬದ ಮೇಲೆ ಒಬ್ಬನೇ ಜಿಪ್ ಎಳೆದುಕೊಂಡು ಕೂತಿದ್ದ, ನೋಡಲಾಗದೆ ಅವಳೇ ಮುಖ ತಿರುಗಿಸುತ್ತಿದ್ದಳು, ಕೊನೆಗೆ ತಡವಾಗಿ, ಬಹಳ ತಡವಾಗಿ ಎಲ್ಲಿಂದಲೋ ಒಂದು ಹೆಣ್ಣು ಬಂತು, ತಡವಾದ್ದರಿಂದಲೇ ಈಗ ಹುಲ್ಲು ಕೊಯ್ಯುವ ಹೊತ್ತಿಗೆ ಮರಿ. ಹುಟ್ಟಿದ ಬಯಲಿಗೇ ಮರಳಿ ಬರುವ ಹಕ್ಕಿ ಇದು, ಈ ವರ್ಷ ಇಲ್ಲಿ ಯಾವುದೂ ರೆಕ್ಕೆ ಬಲಿತು ಹಾರದಿದ್ದರೆ ಮುಂದಿನ ವರ್ಷ ಇಲ್ಲಿಗೆ ಬರಲು ಯಾವುದೂ ಇರುವುದಿಲ್ಲ. ಈ ಒಂದು ಗೂಡು ಹೋದರೆ ಬಯಲೇ ಹೋದ ಹಾಗೆ.

ತುದಿ ಮುರಿದ ಕಡ್ಡಿ, ಒಂದು ಗೇಣು ಈಚೆ, ನಡಿ, ಹೆಜ್ಜೆ ಎತ್ತಿ ಇಡು, ಎಳೆಯಬೇಡ — ಜೇಬಿನಲ್ಲಿ ಫೋನು ನಡುಗುತ್ತಿದೆ, ಅಮ್ಮ, ಇನ್ಯಾರು, ಕತ್ತರಿ ಎಲ್ಲಿಟ್ಟೆ ಎಂದು ಕೇಳಲು, ಕತ್ತರಿ ಅಮ್ಮನ ತೊಡೆಯ ಮೇಲೇ ಇರುತ್ತದೆ, ಬಟ್ಟೆಯ ಅಡಿಯಲ್ಲಿ, ದಿನವೂ ಅಲ್ಲೇ ಸಿಗುತ್ತದೆ, ಆದರೂ ಮಗಳೇ ಎಲ್ಲೋ ಬಚ್ಚಿಟ್ಟಳೆಂದು ಮೊದಲು ಮಗಳ ಮೇಲೆ ಹೊರಿಸಿದರೇ ಸಮಾಧಾನ, ನಡುಗಲಿ, ಈಗ ಕೈ ಜೇಬಿಗೆ ಹೋದರೆ ಕಣ್ಣೂ ಜೇಬಿಗೆ ಹೋಗುತ್ತದೆ. ಮೊದಲೆಲ್ಲ ಇಂಥ ಪಾಡಿರಲಿಲ್ಲ. ಗೂಡು ಸಿಕ್ಕಿದ ಕೂಡಲೇ ಪಕ್ಕದಲ್ಲೊಂದು ಕೋಲು ನೆಟ್ಟು ಕೆಂಪು ಬಟ್ಟೆಯ ಪಟ್ಟಿ ಕಟ್ಟಿಬಿಟ್ಟರೆ ಮುಗಿಯಿತು, ಟ್ರ್ಯಾಕ್ಟರಿನವನು ದೂರದಿಂದಲೇ ನೋಡಿ ಸುತ್ತು ಬಳಸಿ ಹೋಗುತ್ತಿದ್ದ, ಉಪಾಯ ಅವಳದೇ, ಮೀಟಿಂಗಿನಲ್ಲಿ ಚಪ್ಪಾಳೆ ಕೂಡ ಬಿದ್ದಿತ್ತು, ಪಟ್ಟಿ ಮಾತ್ರ ಅಮ್ಮನ ಕೈಯದು, ದರ್ಜಿಯ ಕೈ, ಹರಿದು ಕೊಟ್ಟರೆ ಸಾಕಿತ್ತು, ಅಮ್ಮ ನಾಲ್ಕೂ ಅಂಚು ಮಡಚಿ ಮಿಷನ್ನಿನಲ್ಲಿ ಹೊಲಿದು ಕೊಟ್ಟಿದ್ದಳು, ಗುಬ್ಬಿಗೆ ಯಾಕಮ್ಮಾ ಇಷ್ಟೊಂದು ನೀಟು ಅಂದರೆ, ನೋಡಿದೋರು ಹೊಲ್ದೋರು ಯಾರು ಅಂತ ಕೇಳಲ್ವೇನೇ ಅಂದಿದ್ದಳು. ನೋಡಿದವು ಕಾಗೆಗಳು. ಮೊದಲನೆಯ ಗೂಡು ಖಾಲಿಯಾದಾಗ ಹಾವಿರಬೇಕು ಅಂದುಕೊಂಡಳು, ಎರಡನೆಯದಾದಾಗ ಬೆಕ್ಕು, ಮೂರನೆಯದಾದಾಗ ದುರ್ಬೀನು ಹಿಡಿದು ದೂರ ಕೂತು ಕಾದಳು, ಒಂದು ಕಾಗೆ ಬಂತು, ಆ ಕಡೆ ಈ ಕಡೆ ನೋಡಲಿಲ್ಲ, ಹುಡುಕಲಿಲ್ಲ, ಪಟ್ಟಿ ಕಟ್ಟಿದ ಕೋಲಿನ ಬುಡಕ್ಕೆ ಸೀದಾ ಇಳಿದು ತಲೆ ಬಗ್ಗಿಸಿತು. ಕೆಂಪು ಕಂಡಲ್ಲಿ ಊಟ ಎಂದು ಅವು ಕಲಿತಾಗಿತ್ತು. ಅವಳು ಪಟ್ಟಿ ಕಟ್ಟಿದ ಗೂಡುಗಳೆಲ್ಲ ಒಂದೊಂದಾಗಿ ಹೋದವು, ಆ ವರ್ಷ ರೆಕ್ಕೆ ಬಲಿತು ಹಾರಿದ್ದು ಅವಳ ಕಣ್ಣಿಗೆ ಬೀಳದೆ ಉಳಿದ ಮರಿಗಳು ಮಾತ್ರ, ಹುಡುಕದೆ ಮನೆಯಲ್ಲಿ ಹೊದ್ದು ಮಲಗಿದ್ದಿದ್ದರೆ ಎಲ್ಲವೂ ಬದುಕುತ್ತಿದ್ದವೋ ಏನೋ, ಹುಲ್ಲು ಕೊಯ್ಯುವ ಬ್ಲೇಡಿಗೆ ಸಿಗುತ್ತಿದ್ದವೋ ಏನೋ. ಅಂದಿನಿಂದ ಪಟ್ಟಿ ಕಟ್ಟುವುದನ್ನೇ ಬಿಟ್ಟಳು, ಅಮ್ಮನಿಗೆ ಹೇಳಿಲ್ಲ. ಪಟ್ಟಿ ಹೇಗಿದಾವೆ, ಗಟ್ಟಿಯಾಗಿದಾವಾ ಎಂದು ಕೇಳಿದಾಗಲೆಲ್ಲ ಗಟ್ಟಿಯಾಗಿದಾವಮ್ಮ ಅನ್ನುತ್ತಾಳೆ, ಅದರಿಂದ ಅಮ್ಮ ಇನ್ನೂ ಹೊಲಿಯುತ್ತಲೇ ಇದ್ದಾಳೆ, ಮಂಚದ ಕೆಳಗೆ ಎರಡು ಚೀಲ ತುಂಬಿವೆ, ಕೆಂಪು ಬಟ್ಟೆ ಮುಗಿಯಿತು ಅಂದರೆ ಅವಳೇ ತಂದುಕೊಡುತ್ತಾಳೆ. ಮನೆಯಲ್ಲಿ ಆ ಸುಳ್ಳು ಸಲೀಸಾಗಿ ನಡೆದುಕೊಂಡು ಹೋಗುತ್ತಿದೆ.

ಬಯಲಿನಲ್ಲಿ ಸುಳ್ಳು ಹೇಳಿಲ್ಲ, ಒಂದೂ ಹೇಳಿಲ್ಲ — ಕಡ್ಡಿ, ಕಡ್ಡಿ ಎಲ್ಲಿ, ಇದೆ, ಅಲ್ಲೇ ಇದೆ — ಇಲ್ಲಿ ಹೇಳಿದ್ದರೆ ಇವತ್ತು ಈ ಬಯಲಿನಲ್ಲಿ ಕಾಲಿಡಲೂ ಬಿಡುತ್ತಿರಲಿಲ್ಲ ಡೈರಿಯ ಒಡತಿ, ಗಟ್ಟಿಗಿತ್ತಿ, ಗಂಡ ಹೋದ ಮೇಲೆ ಒಬ್ಬಳೇ ಹಸು ಕಟ್ಟಿಕೊಂಡು ಸರೀಕರ ಬಾಯಿ ಮುಚ್ಚಿಸಿದವಳು. ಮೊದಲನೇ ವರ್ಷ ಕೈ ಕಟ್ಟಿಕೊಂಡು ಗೇಟಿಗೆ ಅಡ್ಡ ನಿಂತಿದ್ದಳು, ನಿಮ್ಮಂಥೋರು ಒಂದು ಗುಬ್ಬಿ ಅಂತ ಬರ್ತೀರ, ಆಮೇಲೆ ಜಮೀನೇ ನಿಮ್ದು ಅಂತೀರ. ಹೊಳೆಯ ಮಗ್ಗುಲಿನ ಆ ದಟ್ಟ ಹುಲ್ಲಿನ ತುಂಡಿಗೆ ಬೆರಳು ಮಾಡಿ, ಅಲ್ಲಿದ್ಯಾ ಗೂಡು ಎಂದು ಪರೀಕ್ಷೆ ಮಾಡಿದಂತೆ ಕೇಳಿದ್ದಳು, ಬಯಲಿಗೆಲ್ಲ ಒಳ್ಳೆಯ ಹುಲ್ಲು ಅಲ್ಲೇ, ಆಫೀಸಿನ ಹಿರಿಯರು ಮೊದಲೇ ಕಿವಿಯಲ್ಲಿ ಊದಿದ್ದರು, ಇದೆ ಅಂದುಬಿಡಿ, ದೊಡ್ಡ ಜಾಗ ಉಳಿಯುತ್ತೆ. ಇವಳು ದಿನಗಟ್ಟಲೆ ಕೂತು ನೋಡಿ ಬಂದು, ಇಲ್ಲಮ್ಮ, ಅಲ್ಲಿ ಇಲ್ಲ, ಕೊಯ್ಸಿ ಅಂದಳು. ಆಗ ಒಡತಿ ಅಂದದ್ದು ಇಷ್ಟು. ನೋಡಮ್ಮಾ, ನೀನು ಇದೆ ಅಂದ್ರೆ ಇದೆ, ಇಲ್ಲ ಅಂದ್ರೆ ಇಲ್ಲ, ಗೂಡಿದ್ದ ಕಡೆ ಒಂದು ಕೋಣೆಯಷ್ಟು ಬಿಡ್ತೀನಿ, ಗೂಡಿಲ್ಲದ ಕಡೆ ಒಂದು ಹಿಡಿ ಕೂಡ ಬಿಡಲ್ಲ. ಬರೆದು ಕೊಟ್ಟದ್ದೇನಿಲ್ಲ, ಆ ಮಾತೇ ಕರಾರು, ಆಚೆಯ ಬಯಲುಗಳವರೂ ಅದನ್ನು ಕೇಳಿಯೇ ಇವಳನ್ನು ಒಳಗೆ ಬಿಟ್ಟರು, ಆಯಮ್ಮನೇ ನಂಬಿದ್ದಾಳೆ ಅಂದ ಮೇಲೆ ಅಂತ, ಆಫೀಸಿನ ಕಾಗದ ಪತ್ರಕ್ಕೆ ಆಗದ್ದು ಇವಳ ಒಂದು ಇಲ್ಲ ಅನ್ನುವ ಮಾತಿಗೆ ಆಗಿತ್ತು. ಹೆಮ್ಮೆ ಅಂದರೆ ಹೆಮ್ಮೆಯೇ, ಸುಳ್ಳೇಕೆ, ಇಷ್ಟು ವರ್ಷದ ಕೆಲಸದಲ್ಲಿ ಅವಳು ತನ್ನದು ಎಂದು ಹೇಳಿಕೊಳ್ಳಬಹುದಾದದ್ದು ಅದೊಂದೇ.

ಬಂತು, ಹತ್ತಿರ ಬಂತು, ದೂರದಿಂದ ಒಂದೇ ಒಂದು ಕಡ್ಡಿ ಅಂದುಕೊಂಡದ್ದು ಇಲ್ಲಿ ಮೂರು ಕಡ್ಡಿಯಾಗಿದೆ, ಮೂರರ ತುದಿಯೂ ಮುರಿದಿದೆ, ಇದು ಯಾವ ನ್ಯಾಯ, ನಡುವಿನದಿರಬೇಕು, ಒಂದು ಗೇಣು ಈಚೆ ಅಂದರೆ ಅವಳ ಕಾಲ ಬಳಿಯೇ, ಒಂದು ಮಿಡತೆ ಮೊಣಕಾಲಿಗೆ ಹಾರಿ ಅಲ್ಲೇ ಕೂತಿತು, ಕೆಳಗೆ ಹುಲ್ಲು, ಒಣಗಿದ ಹುಲ್ಲು, ಹುಲ್ಲಿನ ಮೇಲೆ ಹುಲ್ಲು, ಗೂಡು ಕೂಡ ಹುಲ್ಲಿನದೇ ತಾನೇ, ಮೇಲೊಂದು ಹುಲ್ಲಿನ ಮಾಡು ಬೇರೆ ಕಟ್ಟಿಕೊಂಡಿರುತ್ತದೆ, ಪಕ್ಕಕ್ಕೆ ತೆರೆದ ಬಾಗಿಲು, ಎದುರು ನಿಂತರೂ ಕಾಣುವುದಿಲ್ಲ. ಒಂದು ಕಾಲು ಮೇಲೆತ್ತಿದ್ದಾಳೆ. ಇಡಬೇಕು, ಎಲ್ಲಿ ಇಡಬೇಕು, ಹಿಂದಕ್ಕೆ ಇಡೋಣವೆಂದರೆ ಹಿಂದೆ ನೋಡಿಲ್ಲ, ಮುಂದಕ್ಕೆ ಇಡೋಣವೆಂದರೆ ಮುಂದೆಯೇ ಇರಬಹುದು, ಜೋಮು ಹಿಡಿದಿದ್ದ ಆ ಇನ್ನೊಂದು ಕಾಲು ನಡುಗಲು ಶುರುವಾಗಿದೆ, ಇಷ್ಟು ದಿನ ಬ್ಲೇಡು ಬ್ಲೇಡು ಅಂತ ಬಡಕೊಂಡವಳು ತನ್ನ ಬೂಟಿನ ಅಡಿಯಲ್ಲೇ ಚಟ್ನಿ ಮಾಡಿಬಿಟ್ಟರೆ, ದೇವರೇ, ಆ ಕಾಲು ನಿಲ್ಲಲಿಲ್ಲ, ಎತ್ತಿದ್ದನ್ನು ಇಟ್ಟೇಬಿಟ್ಟಳು, ಇದ್ದಲ್ಲಿಯೇ, ಮೆತ್ತಗೆ, ನೆಲ ಅದುರಿತು, ಅಷ್ಟೇ ಅದುರಿಗೆ ಬೂಟಿನ ತುದಿಯ ಪಕ್ಕದಲ್ಲಿ ಹುಲ್ಲು ತೆರೆದುಕೊಂಡಿತು — ಹುಲ್ಲಲ್ಲ, ಬಾಯಿ. ನಾಲ್ಕು ಬಾಯಿಗಳು. ಕಣ್ಣು ಇನ್ನೂ ತೆರೆದಿಲ್ಲ, ಮೈಮೇಲೆ ಗರಿಯಿಲ್ಲ, ಕತ್ತು ದಾರದಷ್ಟಿದೆ, ಇರುವುದೆಲ್ಲ ಬಾಯಿಯೇ, ಒಳಗೆ ಕಿತ್ತಳೆಗೆಂಪು, ಅಂಚಿಗೆ ಹಳದಿ, ತಾಯಿ ಬಂದಳೆಂದು ತಿಳಿದು ಅವಳ ಬೂಟಿಗೆ ಬಾಯಿ ತೆರೆದು ನಡುಗುತ್ತ ನಿಂತಿವೆ, ಸದ್ದೂ ಇಲ್ಲ, ಯಾರಾದರೂ ಬರಲಿ, ಏನಾದರೂ ಹಾಕಲಿ. ಅವಳಿಗೆ ಅಳು ಬಂತು. ಈ ವಯಸ್ಸಿನಲ್ಲಿ, ಬಯಲ ನಡುವೆ ನಿಂತು, ಮೂಗು ಒರೆಸಿಕೊಂಡು ನಕ್ಕಳು ಕೂಡ. ಸ್ವಲ್ಪ ಹೊತ್ತಿಗೆ ಬಾಯಿಗಳು ಒಂದೊಂದಾಗಿ ಮುಚ್ಚಿಕೊಂಡವು, ಮತ್ತೆ ಬರೀ ಹುಲ್ಲು.

ಈಗ ತಲೆ ಎತ್ತಬಹುದು. ಕೈ ಎತ್ತಿ ತೋರಿಸಿದರೆ ಗಡಿಬಿಡಿ ಬರುತ್ತಾನೆ, ಇವಳ ಸುತ್ತ ಒಂದು ಕೋಣೆಯಷ್ಟು ಬಿಟ್ಟು ಉಳಿದದ್ದನ್ನೆಲ್ಲ ಕೊಯ್ದುಕೊಂಡು ಹೋಗುತ್ತಾನೆ, ಕೆಲಸ ಮುಗಿಯಿತು, ಮನೆಗೆ ಹೋಗಿ ಬಿಸಿನೀರಿನಲ್ಲಿ ಕಾಲು ಇಟ್ಟುಕೊಂಡು ಕೂರಬಹುದು, ಎಂದುಕೊಳ್ಳುತ್ತ ಕೊಯ್ದಾದ ಕಡೆಗೆ ನೋಡಿದಳು, ಎಷ್ಟೋ ಹೊತ್ತಿನ ಮೇಲೆ ದೂರಕ್ಕೆ ಹೋದ ಕಣ್ಣಿಗೆ ಎಲ್ಲವೂ ಮಂಜು, ಆಮೇಲೆ ಸರಿಯಾಯಿತು. ಚಾಪೆಯಂತೆ ಬೋಳಾದ ನೆಲ, ನಡುವೆ ಒಂದು ಬಂಡೆ, ಬಂಡೆಯ ಬುಡಕ್ಕೆ ಬ್ಲೇಡು ಹೋಗಲಾರದೆ ಒಂದು ಕಂತೆ ಹುಲ್ಲು ಹಾಗೇ ನಿಂತಿದೆ, ಅಷ್ಟು ಅಗಲ ಬಯಲಿಗೆ ಅದೊಂದೇ ಕಂತೆ, ಅಲ್ಲಿ ಒಂದು ಕಾಗೆ. ಕಾಗೆ ಕಂತೆಯ ಸುತ್ತ ಒಂದು ಸುತ್ತು ನಡೆಯಿತು, ನಿಂತಿತು, ಹುಲ್ಲನ್ನು ಕೊಕ್ಕಿನಿಂದ ಸರಿಸಿ ಒಳಗೆ ಕತ್ತು ಹಾಕಿತು, ಗಿರಾಕಿ ಅಂಗಡಿಯೊಳಗೆ ಇಣುಕಿದ ಹಾಗೆ, ಏನೂ ಸಿಗದೆ ಇನ್ನೊಂದು ಕಡೆಯಿಂದ ಹಾಕಿತು. ಬೋಳು ಬಯಲಿನ ನಡುವೆ ಒಂದು ಕೋಣೆಯಷ್ಟು ಎತ್ತರದ ಹುಲ್ಲು ಬಿಟ್ಟರೆ ಅದಕ್ಕಿಂತ ದೊಡ್ಡ ಗುರುತು ಇನ್ನೇನು ಬೇಕು, ಇಷ್ಟು ದಿನ ಇದು ಹೊಳೆಯಲೇ ಇಲ್ಲವಲ್ಲ, ಗುರುತು ಬೇಡ ಗುರುತು ಬೇಡ ಎಂದು ಬೇರೆಯವರಿಗೆ ಪಾಠ ಹೇಳಿಕೊಂಡು ತಾನೇ ಒಂದು ಕೋಣೆಯ ಗುರುತು ಕೇಳಿ ಪಡೆದಿದ್ದಾಳೆ, ಹಿಂದಿನ ವರ್ಷಗಳಲ್ಲಿ ಗೂಡುಗಳು ಹತ್ತಾರಿದ್ದವು, ಕೋಣೆಗಳೂ ಹತ್ತಾರು, ಕಾಗೆಗೆ ಯಾವುದರಲ್ಲಿ ಮರಿ ಇದೆ ಯಾವುದರಲ್ಲಿ ಹಾರಿಹೋಗಿದೆ ಗೊತ್ತಾಗುತ್ತಿರಲಿಲ್ಲ, ಒಂದೆರಡು ನೋಡಿ ಬೇಸತ್ತು ಹೋಗುತ್ತಿತ್ತು. ಈ ಸಲ ಒಂದೇ. ಗರಿ ಬರಲು ಇನ್ನೂ ವಾರವಾದರೂ ಬೇಕು, ಕಾಗೆಗೆ ಸಂಜೆಯವರೆಗೂ ಬೇಡ.

ಒಂದೇ ಆಗಬಾರದು ಹಾಗಾದರೆ. ಅಲ್ಲೊಂದು, ಆ ತಗ್ಗಿನಲ್ಲೊಂದು, ಬೇಲಿಯ ಬದಿಗೊಂದು, ಖಾಲಿ ಕೋಣೆಗಳು, ಕಾಗೆಗೆ ಇಣುಕಿ ಇಣುಕಿ ಸಾಕಾಗುವಷ್ಟು. ಗೂಡಿಲ್ಲದ ಕಡೆ ಒಂದು ಹಿಡಿ ಕೂಡ ಬಿಡಲ್ಲ. ಕೇಳೋಣ, ಇದ್ದದ್ದು ಇದ್ದ ಹಾಗೆ ಹೇಳಿ ಕೇಳೋಣ, ಫೋನು ತೆಗೆದಳು, ಅಮ್ಮನ ಕರೆಗಳು ಸಾಲಾಗಿ ನಿಂತಿದ್ದವು, ಅವನ್ನು ಬದಿಗೆ ತಳ್ಳಿ ಒಡತಿಗೆ ಮಾಡಿದಳು, ಹೊಡೆದುಕೊಂಡಿತು, ಹೊಡೆದುಕೊಂಡೇ ಇತ್ತು, ಕರು ಹಾಕುವ ಹಸುವಿನ ಹತ್ತಿರ ಇರುತ್ತಾಳೆ, ಮೊಣಕೈವರೆಗೂ ಕೆಲಸ, ಫೋನು ಎಲ್ಲೋ ಬಕೆಟ್ಟಿನ ಪಕ್ಕದಲ್ಲಿ ಬಿದ್ದಿರುತ್ತದೆ. ಸಿಕ್ಕರೂ ಏನನ್ನುತ್ತಾಳೆ, ಇವತ್ತು ಖಾಲಿ ಜಾಗಕ್ಕೂ ಕೇಳ್ದೆ, ನಾಳೆ ಬಯಲೇ ಕೇಳ್ತೀಯ, ನಾನು ಅವತ್ತೇ ಅಂದಿದ್ನಲ್ಲ. ಅಥವಾ ಹೂಂ ಅನ್ನಬಹುದು, ಯಾರಿಗೆ ಗೊತ್ತು, ಒಳ್ಳೆಯವಳೇ, ಆದರೆ ಹಾಗೆ ಕಾಯಲು ಗಡಿಬಿಡಿ ಬಿಡಬೇಕಲ್ಲ, ಟ್ರ್ಯಾಕ್ಟರ್ ಆಗಲೇ ಗೇಟು ಬಿಟ್ಟು ಹೊರಟಿದೆ, ಬ್ಲೇಡಿನ ಸದ್ದು ಬೇರೆ, ಹಲ್ಲು ಜುಮ್ಮೆನ್ನುವ ಸದ್ದು. ಅಲ್ಲೂ ಗೂಡಿದೆ ಎಂಬ ಒಂದು ಸುಳ್ಳಿಗೆ ಈ ಗೂಡು ಉಳಿಯಬಹುದು, ಅದೇ ಸುಳ್ಳಿಗೆ ಬರುವ ವರ್ಷ ಎಲ್ಲ ಗೇಟುಗಳೂ ಮುಚ್ಚಿಕೊಳ್ಳಬಹುದು, ಆಯಮ್ಮನಿಗೇ ಟೋಪಿ ಹಾಕಿದವಳು ಅಂತ, ಆಗ ಆಚೆಯ ಬಯಲುಗಳಲ್ಲಿ ಇನ್ನೂ ಉಳಿದಿರುವ ಗೂಡುಗಳಿಗೆ ಯಾರು, ಬಾಯಿಂದ ಬಾಯಿಗೆ ಹೋಗುವ ಮಾತು, ತಿರುಗಿ ತರಲಾಗುವುದಿಲ್ಲ. ಬರುವ ವರ್ಷ ದೊಡ್ಡದೋ, ಈಗ ಬೂಟಿನ ಪಕ್ಕದಲ್ಲಿ ಇರುವುದು ದೊಡ್ಡದೋ, ಆಫೀಸಿನಲ್ಲಿ ಕೂತು ಕೇಳಿದ್ದರೆ ಬರುವ ವರ್ಷ ಎಂದು ಅವಳೇ ಹೇಳುತ್ತಿದ್ದಳು, ಬೋರ್ಡಿನ ಮೇಲೆ ಗೆರೆ ಎಳೆದು ತೋರಿಸುತ್ತಿದ್ದಳು. ಇಲ್ಲಿ ಬೋರ್ಡಿಲ್ಲ. ಟ್ರ್ಯಾಕ್ಟರಿನ ಅದುರು ನೆಲದಲ್ಲಿ ಬರುತ್ತಿದೆ, ಬಗ್ಗಿ ನೋಡಿದಳು, ಬಾಯಿಗಳು ತೆರೆದುಕೊಂಡಿದ್ದವು, ಬರುತ್ತಿರುವ ಬ್ಲೇಡಿಗೆ ತೆರೆದಿದ್ದವು, ನಾಲ್ಕೂ, ಆದಷ್ಟು ಅಗಲ.

ಕೈ ಎತ್ತಿದಳು. ಗಡಿಬಿಡಿ ನಿಲ್ಲಿಸಿ, ಸೀಟಿನಿಂದಲೇ ಬಗ್ಗಿ, ಸಿಕ್ತಾ ಅಕ್ಕಾ ಅಂದ, ಅವನ ಮುಖದಲ್ಲಿ ನಿಜವಾಗಿಯೂ ಖುಷಿ ಇತ್ತು, ಸಿಕ್ತು, ಇಲ್ಲಿಂದ ಅಲ್ಲಿಗೆ ಬಿಡು ಅಂದಳು, ತೋಳು ಚಾಚಿ ತೋರಿಸಿದಳು, ಹೆಜ್ಜೆ ನೋಡಿ ನೋಡಿ ಹೊರಗೆ ಬಂದಳು, ಬೇಲಿಕಂಬದ ಮೇಲೆ ಗಂಡು ಹಕ್ಕಿ ಜಿಪ್ ಎಳೆಯಿತು, ಹೇಳುವುದಾದರೆ ಈಗಲೇ. ಆ ತಗ್ಗಿನಲ್ಲೂ ಬಿಡು, ಅಲ್ಲೂ ಒಂದಿದೆ. ಅವನು ತಗ್ಗಿನ ಕಡೆ ನೋಡಿದ, ಅವಳ ಕಡೆ ನೋಡಿದ. ಅಲ್ಲಾ ಅಕ್ಕ, ಈ ಬಯಲಲ್ಲಿ ಇರೋದೇ ಒಂದು ಜೋಡಿ ಅಂತ ಬೆಳಿಗ್ಗೆ ನೀವೇ ಹೇಳಿದ್ರಿ. ಹೌದು ಹೇಳಿದ್ದಳು, ಚಹಾ ಕುಡಿಯುತ್ತ, ಅಯ್ಯೋ ಪಾಪ ಒಂದೇ ಜೋಡಿ ಎಂದು ಇಬ್ಬರೂ ಮರುಗಿದ್ದರು. ಅವನು ಎಂಜಿನ್ ಆರಿಸಿದ. ಗಡಿಬಿಡಿ ಎಂಜಿನ್ ಆರಿಸಿದ್ದನ್ನು ಅವಳು ಹಿಂದೆಂದೂ ನೋಡಿರಲಿಲ್ಲ, ಬಯಲು ಒಮ್ಮೆಗೇ ಇಷ್ಟು ನಿಶ್ಶಬ್ದವಾಯಿತೆಂದರೆ ದೂರದ ಬಂಡೆಯ ಮೇಲೆ ಕಾಗೆ ರೆಕ್ಕೆ ಕೊಡವಿದ್ದೂ ಕೇಳಿಸಿತು. ಯಜಮಾನಮ್ಮ ಕೇಳಿದ್ರೆ ಏನ್ ಹೇಳ್ಲಿ ನಾನು, ಅಂದ, ಮೆತ್ತಗೆ, ರೇಗಿದ ದನಿಯಲ್ಲ. ಎಲ್ಲವನ್ನೂ ಅವನಿಗೆ ಬಿಡಿಸಿ ಹೇಳಬಹುದು, ಕಾಗೆ, ಕಂತೆ, ಖಾಲಿ ಕೋಣೆ, ಆದರೆ ಹೇಳಿದರೆ ಸುಳ್ಳಿನಲ್ಲಿ ಅವನಿಗೂ ಪಾಲು ಬರುತ್ತದೆ, ಅವನಿಗೆ ಅನ್ನ ಕೊಡುವ ಕೆಲಸ ಇದು, ಅವನ ತಲೆಗೆ ಕಟ್ಟಬಾರದು. ನಾನು ಇದೆ ಅಂದೆ ಅಂತ ಹೇಳು, ಅಂದಳು.

ಅವನು ಎಂಜಿನ್ ಹಾಕಿದ, ತಗ್ಗನ್ನು ಸುತ್ತಿಕೊಂಡು ಹೋದ, ಅಲ್ಲಿ ಗೂಡೇ ಇದೆಯೇನೋ ಎಂಬಷ್ಟು ಜಾಗ್ರತೆಯಿಂದ, ಅವಳಿಗೆ ಅದನ್ನು ನೋಡಲಾಗಲಿಲ್ಲ, ಹೋಯಿತು, ಅಷ್ಟು ವರ್ಷದ ನಂಬಿಕೆ, ಇಷ್ಟು ಸುಲಭವಾಗಿ ಹೋಯಿತು, ಹೋದದ್ದರ ಸದ್ದೂ ಆಗಲಿಲ್ಲ, ಸಂಜೆ ಒಡತಿಯ ಮನೆಗೆ ತಾನೇ ಹೋಗಬೇಕು, ಬೇರೆ ಯಾರ ಬಾಯಿಂದಲೂ ಅವಳ ಕಿವಿಗೆ ಬೀಳಬಾರದು, ಹೋಗಿ ಏನು ಹೇಳುವುದು, ಸುಳ್ಳು ಹೇಳಿದೆ ಎನ್ನುವ ನಿಜವನ್ನೋ, ಇನ್ನೊಂದು ಸುಳ್ಳನ್ನೋ, ಗೊತ್ತಿಲ್ಲ, ಬೇಲಿಯ ಬದಿಗೆ ಬಂದಿದ್ದಾಳೆ, ಟ್ರ್ಯಾಕ್ಟರ್ ತಿರುಗಿ ಬಂದು ಅವಳ ಮುಂದೆ ನಿಧಾನಿಸಿದೆ, ಗಡಿಬಿಡಿ ಮುಖ ಎತ್ತದೆ, ಸ್ಟಿಯರಿಂಗನ್ನೇ ನೋಡುತ್ತ ಕೇಳುತ್ತಿದ್ದಾನೆ, ಇಲ್ಲೂ ಇದ್ಯಾ ಅಕ್ಕಾ. ಅವಳು ಬೆರಳು ಮಾಡಿದ್ದಾಳೆ, ಬೆರಳು ಮಾಡಿದಲ್ಲಿ ಹುಲ್ಲು, ಬರೀ ಹುಲ್ಲು, ನೇರ ನಿಂತ ಕಡ್ಡಿಗಳು, ಯಾವ ಹಕ್ಕಿಯೂ ಎಂದೂ ಏಳದ ಜಾಗ, ಇದೆ, ಇಲ್ಲೂ ಇದೆ, ಅಂದಳು, ಹೇಳುವಾಗ ಕಣ್ಣು ಅಲ್ಲೇ ಊರಿತ್ತು, ಕೀಳಲಾಗಲಿಲ್ಲ, ಹುಲ್ಲಿನ ಬುಡದಲ್ಲಿ ನೆರಳು, ನೆರಳಿನೊಳಗೆ, ಇಲ್ಲವೆಂದು ಗೊತ್ತಿದ್ದೂ, ಕಿತ್ತಳೆಗೆಂಪು, ಬಾಯಿ, ತೆರೆದ ಬಾಯಿ, ಯಾರಾದರೂ ಬರಲಿ ಎಂದು ತೆರೆದ, ತೆರೆದ ಬಾಯಿ —